ಕಲಬುರಗಿಯ ಬೀದಿ ಛಾಯಾಗ್ರಹಣ: ಚಿಕ್ಕ ಕ್ಯಾಮೆರಾ ಕೊಳ್ಳಲೇ, ಇರುವುದಕ್ಕೇ ಚಿಕ್ಕ ಲೆನ್ಸ್ ಹಾಕಲೇ?

ತೊಗರಿನಾಡು (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಕ್ಯಾನನ್ 200ಡಿ ಕ್ಯಾಮೆರಾ ಇದ್ದು, 18–55 ಮತ್ತು 55–250 ಎಂಎಂ ಜೂಮ್ ಲೆನ್ಸ್‌ಗಳನ್ನು ಬಳಸುತ್ತಿದ್ದೇನೆ. ಸೂಪರ್ ಮಾರ್ಕೆಟ್, ಕಿರಾಣಾ ಬಜಾರ್ ಮತ್ತು ಬಂದೇನವಾಜ್ ದರ್ಗಾದ ಸುತ್ತಲಿನ ಓಣಿಗಳ ದಿನನಿತ್ಯದ ಬದುಕನ್ನು ಚಿತ್ರಿಸಬೇಕೆಂಬುದು ನನ್ನ ಆಸೆ. ಆದರೆ ಕ್ಯಾಮೆರಾವನ್ನು ಕಣ್ಣಿಗೇರಿಸಿದೊಡನೆ ತಕ್ಕಡಿ ಹಿಡಿದವರು ಕೈ ನಿಲ್ಲಿಸಿ ನೆಟ್ಟಗೆ ಕೂಡುತ್ತಾರೆ, "ಪೇಪರ್‌ನ್ಯಾಗ ಹಾಕ್ತೀರೇನ್ರೀ?" ಎಂದು ಕೇಳುತ್ತಾರೆ. ದೂರ ನಿಂತು 250ರಲ್ಲಿ ತೆಗೆದರೆ ಮುಖವೊಂದೇ ಉಳಿದು ಬಜಾರು ಮಾಯವಾಗುತ್ತದೆ. ನಾನು ತೆಗೆದಿಟ್ಟಿರುವುದು 60 ಸಾವಿರ ರೂಪಾಯಿ. ಫ್ಯೂಜಿಫಿಲ್ಮ್ ಎಕ್ಸ್100 ಸರಣಿ ಆ ಮಿತಿಗೆ ಸಿಗುವಂತಿಲ್ಲವಾದ್ದರಿಂದ ಸೆಕೆಂಡ್ ಹ್ಯಾಂಡ್ ರಿಕೋ ಜಿಆರ್ 3 ಎಂಬ ಚಿಕ್ಕ ಕ್ಯಾಮೆರಾ ಹುಡುಕುತ್ತಿದ್ದೇನೆ. ನಮ್ಮ ಭಾಗದ ಬಿಸಿಲು, ಧೂಳಿನಲ್ಲಿ ಅದನ್ನು ಬಳಸಿದವರಿದ್ದರೆ ದಯವಿಟ್ಟು ತಿಳಿಸಿ.

ಚೌಬಾರಾ (ಬೀದರ್):
ನಾನು ಬಳಸುವುದು ಆ ಜಿಆರ್ 3 ಕ್ಯಾಮೆರಾವನ್ನೇ. ಹಳೆಯ ಊರಿನ ಬಿದರಿ ಅಂಗಡಿಗಳ ಮುಂದೆ ಅದನ್ನು ಕೈಯಲ್ಲಿ ಹಿಡಿದು ನಿಂತರೆ ಮೊಬೈಲ್ ಹಿಡಿದವನೆಂದುಕೊಂಡು ಕೆಲಸ ಮುಂದುವರಿಸುತ್ತಾರೆ. ಬ್ಯಾಟರಿ, ಕಾರ್ಡ್ ಸೇರಿ ಅದರ ತೂಕ 257 ಗ್ರಾಂ. ಶಟರ್‌ನ ಸದ್ದು ಪಕ್ಕದವರಿಗೂ ಕೇಳಿಸದು. ಆದರೆ ಗಾತ್ರಕ್ಕಿಂತ ಹೆಚ್ಚಾಗಿ ನಾನು ಮೆಚ್ಚಿರುವುದು ಅದರ ಸ್ನ್ಯಾಪ್ ಫೋಕಸ್ ಎಂಬ ಅನುಕೂಲವನ್ನು. ಫೋಕಸ್ ದೂರವನ್ನು ಮೊದಲೇ 2 ಮೀಟರ್‌ಗೆ ನಿಗದಿ ಮಾಡಿ, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/8 ಇಟ್ಟುಕೊಂಡರೆ ಸುಮಾರು 1 ಮೀಟರ್‌ನಿಂದ ಆಚೆಗಿನದೆಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಕ್ಯಾಮೆರಾ ಫೋಕಸ್ ಹುಡುಕುತ್ತ ಕೂಡುವುದಿಲ್ಲ, ಗುಂಡಿ ಒತ್ತಿದ ಕ್ಷಣವೇ ಚಿತ್ರವಾಗಿರುತ್ತದೆ.

ಆದರೂ ಕೊಳ್ಳುವ ಮುನ್ನ ಒಂದು ಮಾತು. ಜಿಆರ್ 3ರ ಲೆನ್ಸ್ ಪೂರ್ಣಚೌಕಟ್ಟಿನ (ಹಳೆಯ 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಲೆಕ್ಕದಲ್ಲಿ 28 ಎಂಎಂ. ಅದಕ್ಕೆ ಜೂಮ್ ಇಲ್ಲ. ಅಂದರೆ ಮಾತನಾಡಿಸುವಷ್ಟು ಹತ್ತಿರ ಹೋಗಿ ನಿಲ್ಲಬೇಕು. ನಿಮ್ಮ 18–55 ಲೆನ್ಸನ್ನು 18ಕ್ಕೆ ತಿರುಗಿಸಿ, ಮೇಲೆ ಟೇಪ್ ಸುತ್ತಿ, ಕೆಲವು ವಾರ ಹಾಗೆಯೇ ಬಜಾರಿಗೆ ಹೋಗಿ. 200ಡಿಯ ಸೆನ್ಸರ್ ಪೂರ್ಣಚೌಕಟ್ಟಿಗಿಂತ ಚಿಕ್ಕದಾದ್ದರಿಂದ 18ನ್ನು 1.6ರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದೇ ನೋಟ ಸಿಗುತ್ತದೆ. ಅಷ್ಟು ಹತ್ತಿರ ಹೋಗಲು ಮನಸ್ಸು ಹಿಂಜರಿದರೆ ರಿಕೋ ನಿಮಗೆ ತಕ್ಕದ್ದಲ್ಲ.

ಪರಸಿಕಲ್ಲು (ಶಹಾಬಾದ್):
ಮೇಲಿನವರು ಧೂಳಿನ ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದ್ದಾರೆ. ಜಿಆರ್ 3ಕ್ಕೆ ಧೂಳು, ನೀರು ತಡೆಯುವ ರಕ್ಷಣೆ ಇಲ್ಲ. ಪ್ರತಿ ಸಲ ಚಾಲೂ ಮಾಡಿದಾಗ ಲೆನ್ಸ್ ಹೊರಚಾಚಿ, ಬಂದ್ ಮಾಡಿದಾಗ ಒಳಸರಿಯುವುದರಿಂದ ಗಾಳಿಯೊಡನೆ ಧೂಳಿನ ಕಣವೂ ಒಳಗೆ ಹೋಗಬಹುದು. ಸೆನ್ಸರ್ ಮೇಲೆ ಕುಳಿತ ಕಣವನ್ನು ಕ್ಯಾಮೆರಾ ತಾನೇ ಅಲುಗಾಡಿಸಿ ಉದುರಿಸಲು ನೋಡುತ್ತದೆ. ಉದುರದಿದ್ದರೆ ಲೆನ್ಸ್ ಬಿಚ್ಚಲು ಬಾರದ ಕಾರಣ ರಿಪೇರಿಯವರೇ ಗತಿ. 200ಡಿಯಲ್ಲಾದರೆ ಲೆನ್ಸ್ ತೆಗೆದು ಗಾಳಿಬುಡ್ಡೆಯಿಂದ ಊದಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ದಾಲ್ ಮಿಲ್ಲುಗಳ ಓಣಿಯಲ್ಲಿ, ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿನಲ್ಲಿ ಓಡಾಡುವವರಿಗೆ ಇದು ಸಣ್ಣ ಮಾತಲ್ಲ.

ಎರಡನೆಯದು, ಜಿಆರ್ 3ಕ್ಕೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಹಿಂದಿನ ಪರದೆಯಲ್ಲಿ ಕಾಣುವುದು ನಿಮ್ಮದೇ ಮುಖ. ನನ್ನ ಸಲಹೆಯೆಂದರೆ, ನಿಮ್ಮ 200ಡಿಗೇ ಕ್ಯಾನನ್‌ನ ಇಎಫ್-ಎಸ್ 24 ಎಂಎಂ ಎಫ್/2.8 ಲೆನ್ಸ್ ಹಾಕಿಕೊಳ್ಳಿ. ರೊಟ್ಟಿಯಷ್ಟು ತೆಳ್ಳಗಲ್ಲದಿದ್ದರೂ ಎರಡು ಬೆರಳ ದಪ್ಪವೂ ಇಲ್ಲದ, 125 ಗ್ರಾಂ ತೂಕದ ಲೆನ್ಸ್ ಅದು. ನೋಟ 38 ಎಂಎಂಗೆ ಸಮ. ಹಣದ ಬಹುಪಾಲು ಉಳಿಯುತ್ತದೆ. ಒಂದು ಕೊರತೆಯನ್ನು ಮುಚ್ಚಿಡಲಾರೆ: ಅದರ ಮೇಲೆ ದೂರದ ಅಳತೆಯ ಗುರುತುಗಳಿಲ್ಲದ ಕಾರಣ ಸ್ನ್ಯಾಪ್ ಫೋಕಸ್‌ನಂಥ ಕೆಲಸ ಅಷ್ಟು ಸಲೀಸಲ್ಲ.

ಬೆಳಕಿನ ವಿಷಯದಲ್ಲಿ ಯಾವ ಕ್ಯಾಮೆರಾವೂ ನಿಮ್ಮನ್ನು ಕಾಪಾಡದು. ತಾಡಪತ್ರಿಯ ನೆರಳಲ್ಲಿ ಕುಳಿತವರ ಹಿಂದೆ ಬಿಸಿಲು ಬಿದ್ದ ರಸ್ತೆ ಬಂದರೆ, ರಾ ಫೈಲಿನಲ್ಲಿ (ಸೆನ್ಸರಿನ ಮಾಹಿತಿ ಪೂರ್ತಿ ಉಳಿಯುವ ಕಡತ) ತೆಗೆದು ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕಿಗೆ, ತಗ್ಗಿಸಿಕೊಳ್ಳಿ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳುಪನ್ನು ಮರಳಿ ತರಲಾಗದು.

ಚೌಬಾರಾ (ಬೀದರ್):
ಧೂಳಿನ ಮಾತನ್ನು ಒಪ್ಪುತ್ತೇನೆ. ನಾನು ಜಿಪ್ ಚೀಲದಲ್ಲಿಟ್ಟು ಒಯ್ಯುತ್ತೇನೆ, ಗಾಳಿ ಎದ್ದಾಗ ಹೊರತೆಗೆಯುವುದೇ ಇಲ್ಲ. ವ್ಯೂಫೈಂಡರ್ ಕುರಿತು ಮಾತ್ರ ನನ್ನ ಅಭಿಪ್ರಾಯ ಬೇರೆ. ಕ್ಯಾಮೆರಾ ಮುಖವನ್ನು ಮುಚ್ಚದಿದ್ದರೆ ಎದುರಿನವರು ನಿಮ್ಮ ಕಣ್ಣು ನೋಡುತ್ತಾರೆ, ಬೇಡವೆನಿಸಿದರೆ ಕೈಯಾಡಿಸಿ ಹೇಳುತ್ತಾರೆ. ದರ್ಗಾದಲ್ಲಿ, ಅದರಲ್ಲೂ ಹೆಣ್ಣುಮಕ್ಕಳು ಕುಳಿತ ಕಡೆ, ಆ ಸಂಜ್ಞೆ ಕಾಣುವಂತಿರುವುದು ಮುಖ್ಯ. ಅಂದಹಾಗೆ, ಒಂದು ಬ್ಯಾಟರಿಗೆ ಸುಮಾರು 200 ಚಿತ್ರಗಳಷ್ಟೇ, ಇನ್ನೊಂದನ್ನು ಜೇಬಿನಲ್ಲಿಡಲೇಬೇಕು.

ತೊಗರಿನಾಡು (ಕಲಬುರಗಿ):
ಇಬ್ಬರಿಗೂ ಧನ್ಯವಾದಗಳು. ಹಳೆಯ ಚಿತ್ರಗಳ ಮಾಹಿತಿ ತೆರೆದು ನೋಡಿದಾಗ, ನನಗೆ ಹಿಡಿಸಿದವುಗಳಲ್ಲಿ ಹೆಚ್ಚಿನವು 24ರ ಆಸುಪಾಸಿನಲ್ಲಿ ತೆಗೆದವು ಎಂದು ತಿಳಿಯಿತು. ಹಾಗಾಗಿ ಸದ್ಯಕ್ಕೆ 24 ಎಂಎಂ ಲೆನ್ಸನ್ನೇ ಕೊಳ್ಳುತ್ತೇನೆ. ಮುಂದೆ ರಿಕೋ ಬೇಕೆನಿಸಿದರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಏನೇನು ಪರೀಕ್ಷಿಸಬೇಕು?

ಪರಸಿಕಲ್ಲು (ಶಹಾಬಾದ್):
24 ನಿಮಗೆ ಒಗ್ಗಿದೆಯೆಂದರೆ ಆಗ ನೋಡಬೇಕಾದದ್ದು ಜಿಆರ್ 3 ಅಲ್ಲ, 2021ರಲ್ಲಿ ಬಂದ ಜಿಆರ್ 3ಎಕ್ಸ್. ಅದರ ಲೆನ್ಸ್ 40 ಎಂಎಂಗೆ ಸಮ. ಎಫ್/8ರಲ್ಲಿ ಎರಡೂವರೆ ಮೀಟರ್‌ಗೆ ಫೋಕಸ್ ಇಟ್ಟರೆ ಸುಮಾರು ಒಂದೂವರೆಯಿಂದ ಆರು ಮೀಟರ್‌ವರೆಗೆ ಸ್ಪಷ್ಟವಾಗಿರುತ್ತದೆ. ಪರೀಕ್ಷೆಗೆ ಎಫ್/16ರಲ್ಲಿ ಸುಣ್ಣ ಬಳಿದ ಗೋಡೆಯನ್ನೋ ಬರಿಯ ಆಕಾಶವನ್ನೋ ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಬೂದು ಚುಕ್ಕೆಗಳಿದ್ದರೆ ಒಳಗೆ ಧೂಳಿದೆ ಎಂದರ್ಥ. ಲೆನ್ಸ್ ಹೊರಬರುವಾಗ ತಡವರಿಸುತ್ತದೆಯೇ, ಡಯಲ್ ತಿರುಗಿಸಿದಷ್ಟೇ ಅಂಕಿ ಬದಲಾಗುತ್ತದೆಯೇ ಎಂಬುದನ್ನೂ ಗಮನಿಸಿ. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ.