ಮಾಡೆಲ್ ಮನೆಯಲ್ಲಿ ಇನ್ಸುಲೇಷನ್, ಗಾಳಿಯಾಟ ಟೆಸ್ಟ್ ಮಾಡಿದ್ರೆ ನಿಜವಾದ ಮನೆಗೆ ಲೆಕ್ಕ ಸಿಗುತ್ತಾ?

ಪ್ರಶ್ನೆ:
ಮನೆ ಕಟ್ಟೋಕೆ ಮುಂಚೆ ಒಂದ್ಸಲ ಪರೀಕ್ಷೆ ಮಾಡಿ ನೋಡೋಣ ಅಂತ 1:10 ಅಳತೇಲಿ ಪ್ಲೈವುಡ್ ಮನೆ ಮಾಡಿದೀನಿ, ಒಳಗೆ 60 ವ್ಯಾಟ್ ಹಳೇ ಥರದ ಬಲ್ಬ್ ಉರಿಸಿ ಬಿಸಿ ಮಾಡಿ ಆಮೇಲೆ ಆರಿಸಿ ಎಷ್ಟೊತ್ತಿಗೆ ತಣ್ಣಗಾಗುತ್ತೆ ಅಂತ ನೋಡ್ತಿದೀನಿ. ಛಾವಣಿ ಕೆಳಗೆ ಥರ್ಮಾಕೋಲ್ ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ, ಬೇಗ ಆರಿಹೋಗುತ್ತೆ. ವೆಂಟಿಲೇಟರ್ ಎಲ್ಲಿಡಬೇಕು ಅನ್ನೋದೂ ಇದರಲ್ಲೇ ಗೊತ್ತಾಗ್ಬೇಕಿತ್ತು. ದಾರಿ ಏನಾದ್ರೂ ಇದ್ಯಾ?

ಉತ್ತರ 1:
ಬೇಗ ಆರೋದು ಸಹಜ. ಉದ್ದ ಹತ್ತರಲ್ಲೊಂದು ಆದ್ರೆ ಗೋಡೆ ಛಾವಣಿ ವಿಸ್ತೀರ್ಣ ನೂರರಲ್ಲೊಂದು ಆಗುತ್ತೆ, ಒಳಗಿನ ಗಾಳಿ ಸಾವಿರದಲ್ಲೊಂದಕ್ಕೆ ಇಳಿಯುತ್ತೆ, ಇರೋ ಚೂರು ಗಾಳಿಗೆ ಶಾಖ ಕಳ್ಕೊಳ್ಳೋ ಜಾಗ ಹತ್ತು ಪಟ್ಟು. ಹಾಗಾಗಿ ಆರೋ ಟೈಮ್ ನೋಡೋದು ಬಿಡಿ. ಬಲ್ಬ್ ಉರೀತಾನೇ ಇರ್ಲಿ, ಟೆಂಪರೇಚರ್ ಏರೋದು ಪೂರ್ತಿ ನಿಂತ ಮೇಲೆ ಒಳಗೂ ಹೊರಗೂ ಎಷ್ಟು ಡಿಗ್ರಿ ವ್ಯತ್ಯಾಸ ಅಂತ ಬರ್ಕೊಳ್ಳಿ. 60 ವ್ಯಾಟಿಗೆ 10 ಡಿಗ್ರಿ ಬಂತು ಅಂದ್ರೆ ಪ್ರತಿ ಡಿಗ್ರಿಗೆ 6 ವ್ಯಾಟ್ ಸೋರ್ತಿದೆ, 15 ಬಂದ್ರೆ 4. ಈ ನಂಬರ್ ಇಟ್ಕೊಂಡು ಒಂದು ಮೆಟೀರಿಯಲ್ಲಿಗೆ ಇನ್ನೊಂದನ್ನ ಹೋಲಿಸಬಹುದು, ಆದ್ರೆ ಇದನ್ನೇ ನಿಜವಾದ ಮನೆಗೆ ಗುಣಿಸೋಕೆ ಹೋಗ್ಬೇಡಿ. ಬಲ್ಬಿನ ಬೆಳಕು ಸೆನ್ಸರ್ ಮೇಲೆ ನೇರ ಬೀಳದ ಹಾಗೆ ಅಲ್ಯೂಮಿನಿಯಂ ಫಾಯಿಲ್ ಅಡ್ಡ ಇಡಿ, ಮತ್ತೆ ಥರ್ಮಾಕೋಲ್ ಬಲ್ಬಿನ ಹತ್ತಿರ ಬರಲೇಬಾರದು, ಕರಗುತ್ತೆ, ಬೆಂಕಿ ಹತ್ತಬಹುದು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದ್ರೆ ನೀವು ಛಾವಣಿಗೆ ಮಾತ್ರ ಹಾಕಿದ್ರೆ ಶಾಖ ಗೋಡೆ, ತಳ, ಮೂಲೆ ಸಂದು ಎಲ್ಲಾ ಕಡೆಯಿಂದ ಹೋಗ್ತಾನೇ ಇರುತ್ತೆ, ಮೊದಲು ಸಂದುಗಳಿಗೆ ಟೇಪ್ ಹಚ್ಚಿ. ಇನ್ನೊಂದು, ನಿಮ್ಮ ಚಿಂತೆ ಚಳಿಗಾಲದ್ದಾ ಬೇಸಿಗೇದಾ? ಒಳಗೆ ಬಲ್ಬ್ ಇಟ್ರೆ ಅದು ಚಳಿಗಾಲದ ಟೆಸ್ಟ್. ಬಿಸಿಲಿನ ಕಾಟ ತಿಳೀಬೇಕಂದ್ರೆ ಲ್ಯಾಂಪ್ ಛಾವಣಿ ಮೇಲಿರಬೇಕು, ಆಗ ಮೇಲಿಂದ ಇಳಿಯೋ ಶಾಖಕ್ಕೆ ಥರ್ಮಾಕೋಲ್ ಏನು ಮಾಡುತ್ತೆ ಅಂತ ಕಣ್ಣಿಗೆ ಕಾಣುತ್ತೆ. ಕಾಂಕ್ರೀಟ್ ಸ್ಲ್ಯಾಬ್ ಪರೀಕ್ಷೆ ಮಾಡೋದಾದ್ರೆ ಅದೇ ಕಾಂಕ್ರೀಟಲ್ಲಿ ಹತ್ತರಲ್ಲೊಂದು ದಪ್ಪದ ತುಂಡು ಹಾಕಿ, ಶಾಖ ದಾಟೋ ಟೈಮ್ ದಪ್ಪದ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ, ಅಂದ್ರೆ ನೂರರಲ್ಲೊಂದು, ಹಾಗಾಗಿ 24 ಗಂಟೆಯ ಹಗಲು ರಾತ್ರಿ ಇಲ್ಲಿ 14 ನಿಮಿಷ ಚಿಲ್ಲರೆ. ಲ್ಯಾಂಪನ್ನ ಆ 14 ನಿಮಿಷದಲ್ಲಿ ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಮಾಡ್ತಾ ಹೋಗಿ.

ಪ್ರಶ್ನೆ ಕೇಳಿದವರು:
ಬೇಸಿಗೇದೇ ಚಿಂತೆ, ಲ್ಯಾಂಪ್ ಮೇಲಿಡ್ತೀನಿ. ಗಾಳಿ ವಿಷಯ ಯಾರಾದ್ರೂ ಹೇಳಿ.

ಉತ್ತರ 3:
ಹೊಗೆ ಬಿಟ್ಟು ನೋಡಿದ್ರೆ ಗಾಳಿ ಯಾವ ಕಡೆ ಹೋಗುತ್ತೆ ಅಂತ ತಿಳಿಯುತ್ತೆ, ವೇಗ ನಂಬಬೇಡಿ. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗೋ ಜೋರು ಕೆಳಗಿನ ಕಿಂಡಿಗೂ ಮೇಲಿನ ಕಿಂಡಿಗೂ ಇರೋ ಎತ್ತರ, ಒಳಗೂ ಹೊರಗೂ ಇರೋ ಡಿಗ್ರಿ ವ್ಯತ್ಯಾಸ, ಇವೆರಡರ ಮೇಲೆ ನಿಂತಿದೆ, ಮಾಡೆಲ್ಲಲ್ಲಿ ಎತ್ತರಾನೇ ಇಲ್ಲ, ಗಾಳಿ ಮಂದವಾಗಿ ತೆವಳುತ್ತೆ. ಇದಕ್ಕೆ ಸಂಶೋಧಕರು ನೀರು ಬಳಸ್ತಾರೆ, ನಂಗಂತೂ ತುಂಬ ಇಷ್ಟವಾದ ಉಪಾಯ ಇದು. ಪಾರದರ್ಶಕ ಅಕ್ರಿಲಿಕ್ ಮನೆಯನ್ನ ತಲೆಕೆಳಗಾಗಿ ನೀರಿನ ತೊಟ್ಟೀಲಿ ಮುಳುಗಿಸಿ, ಈಗ ಮೇಲಿರೋ ನೆಲದ ಕಡೆಯಿಂದ ಬಣ್ಣ ಹಾಕಿದ ಉಪ್ಪುನೀರು ಸಣ್ಣಗೆ ಬಿಡಿ. ಉಪ್ಪುನೀರು ಭಾರ, ಕೆಳಗಿಳಿಯುತ್ತೆ, ನಿಜವಾದ ಮನೇಲಿ ಬಿಸಿ ಗಾಳಿ ಮೇಲೇರೋದೂ ಹೀಗೇ. ಛಾವಣಿ ಹತ್ತಿರ ಬಣ್ಣ ಎಷ್ಟು ದಪ್ಪ ನಿಲ್ಲುತ್ತೆ ನೋಡಿ, ಆಮೇಲೆ ಛಾವಣಿ ಕಡೆಯ ಕಿಂಡಿ ಹಾಗೇ ಇಟ್ಟು ನೆಲದ ಕಡೆಯದನ್ನ ಮುಚ್ಚಿ ಮತ್ತೆ ನೋಡಿ. ಒಳಗೆ ಬರೋಕೆ ದಾರಿ ಇಲ್ಲದಿದ್ರೆ ಮೇಲಿನ ವೆಂಟಿಲೇಟರ್ ಎಷ್ಟೇ ದೊಡ್ಡದಿದ್ರೂ ಕೆಲಸ ಅರ್ಧಕ್ಕೂ ಬರಲ್ಲ.