ಹೆಂಡತಿ ಕಥೋಲಿಕ್, ನಾನು ಸಿ.ಎಸ್.ಐ. ಮಗಳ ಮೊದಲ ಪರಮಪ್ರಸಾದಕ್ಕೆ ಏನು ಮಾಡಲಿ? ಅನುಭವ ಇದ್ದವರು ಹೇಳಿ

ಮಂಜೇಶ್ವರದ ಅಪ್ಪ:
ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಾಲದಿಂದ ಬಂದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟ್) ಮನೆ. ಹೆಂಡತಿ ಕೊಂಕಣಿ ಕಥೋಲಿಕ್. ಮದುವೆ ಅವಳ ಇಗರ್ಜಿಯಲ್ಲೇ ಆಯಿತು. ಮಕ್ಕಳನ್ನು ಕಥೋಲಿಕರಾಗಿಯೇ ಬೆಳೆಸಲು ಪ್ರಯತ್ನಿಸುತ್ತೇನೆ ಅಂತ ಅವಳು ಆಗ ಮಾತು ಕೊಟ್ಟಿದ್ದಾಳೆ. ಮಗಳಿಗೆ ಈಗ ಎಂಟು ವರ್ಷ, ಬರುವ ಎಪ್ರಿಲ್‌ನಲ್ಲಿ ಕುಮ್ಗಾರ್, ಅಂದರೆ ಮೊದಲ ಪರಮಪ್ರಸಾದ, ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು. 'ಇಷ್ಟು ಸಣ್ಣ ಮಗುವಿಗೆ ಏನು ಗೊತ್ತಾಗ್ತದೆ, ದೃಢೀಕರಣದವರೆಗೆ ಕಾಯಲಿ' ಅಂತ ನನ್ನ ಅಮ್ಮ. ದೃಢೀಕರಣ ಅಂದರೆ ನಮ್ಮಲ್ಲಿ ದೊಡ್ಡವರಾದ ಮೇಲೆ ಸಭೆಯ ಎದುರು ವಿಶ್ವಾಸ ಒಪ್ಪಿಕೊಳ್ಳುವುದು. 'ಆ ದಿನ ಅಪ್ಪನೂ ನನ್ನ ಜೊತೆ ತಗೊಳ್ಬೇಕು' ಅಂತ ಮಗಳು. ಪೂಜೆಯಲ್ಲಿ ಪರಮಪ್ರಸಾದಕ್ಕೆ ಎಲ್ಲರೂ ಸಾಲಿಗೆ ಎದ್ದಾಗ ನಾನೊಬ್ಬ ಬೆಂಚಿನಲ್ಲೇ ಕೂತಿರುತ್ತೇನೆ. ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದ್ರಿ? ಖರ್ಚಿನ ಅಂದಾಜೂ ಬೇಕು.

ಬೇಳ ಕಡೆಯ ತಾಯಿ:
ಖರ್ಚು ನಾನು ಹೇಳ್ತೇನೆ. ಬಿಳಿ ಫ್ರಾಕ್ ಮಂಗಳೂರಿನಿಂದ, 6,200. ತಲೆಗೆ ಹೂವಿನ ಕಿರೀಟ, ಕೈಗವಸು, ಶೂ ಸೇರಿ 2,900. ಮೇಣದ ಬತ್ತಿಗೆ ಲೇಸ್ ಕಟ್ಟಿಸಿದ್ದು 450. ಹಾಲ್ ಅಡ್ವಾನ್ಸ್ 15,000. ಊಟ 150 ಜನಕ್ಕೆ, ಸಾನ್ನಾಂ ಮತ್ತು ಹಂದಿ ಮಾಂಸ, ಒಂದು ಎಲೆಗೆ 380. ಎರಡು ಅಂತಸ್ತಿನ ಕೇಕ್ 4,000. ಫೋಟೋ, ವಿಡಿಯೋ 22,000. ಒಂದು ಬಳೆ ಅಡವಿಟ್ಟೆ.

ಇನ್ನು ನಾಲ್ಕು ದಿನ ಇದೆ ಅನ್ನುವಾಗ ಮಗುವಿಗೆ ಚಿಕನ್‌ಪಾಕ್ಸ್ ಬಂತು. ಹಾಲಿನವರು ಒಂದು ಪೈಸೆ ವಾಪಸ್ ಕೊಡಲಿಲ್ಲ. ಕೇಟರರ್ ಅರ್ಧ ಕೊಟ್ಟರು, ಅದೂ ಮನೆಯವರು ಹೋಗಿ ಗಲಾಟೆ ಮಾಡಿದ ಮೇಲೆ. ಉಳಿದ ಮಕ್ಕಳೆಲ್ಲ ಭಾನುವಾರ ಒಟ್ಟಿಗೆ ತಗೊಂಡರು. ನನ್ನವಳಿಗೆ ಒಂದು ತಿಂಗಳ ನಂತರ, ಸಾಧಾರಣ ಬುಧವಾರದ ಬೆಳಗ್ಗಿನ ಪೂಜೆಯಲ್ಲಿ ಕೊಟ್ಟರು. ಕೆನ್ನೆಯ ಮೇಲೆ ಕಲೆ ಇನ್ನೂ ಇತ್ತು. ಒಸ್ತಿ, ಅಂದರೆ ಪರಮಪ್ರಸಾದದ ತೆಳು ರೊಟ್ಟಿ, ಅಂಗುಳಿಗೆ ಅಂಟಿಕೊಂಡಿತು. ಬೆರಳು ಹಾಕಬಾರದು, ಅಗಿಯಬಾರದು ಅಂತ ದೊತೊರ್ನ್ (ಧರ್ಮೋಪದೇಶ) ಟೀಚರ್ ಹೆದರಿಸಿಟ್ಟಿದ್ದರು. ಬಾಯಿ ಬಿಗಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡ್ತಿದ್ದಳು. ಅಷ್ಟು ಭಕ್ತಿಯಿಂದ ತಗೊಂಡ ಮಗುವನ್ನು ನಾನು ಬೇರೆ ಕಂಡಿಲ್ಲ.

ನಿಮ್ಮ ಅಮ್ಮನಿಗೆ ಹೇಳಿ, ಏಳು ವರ್ಷದ ಆಸುಪಾಸು ಸಾಕು ಅಂತ ಹತ್ತನೆಯ ಪಿಯುಸ್ ಪೋಪ್ 1910ರಲ್ಲೇ ಹೇಳಿ ಆಗಿದೆ.

ಕಾಸರಗೋಡಿನ ನಿವೃತ್ತ ಮೇಷ್ಟ್ರು:
ಪೋಪ್ ಹೇಳಿದ್ದು ನಿಮಗಾಯಿತು. ನಮ್ಮಲ್ಲಿ ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಬಾಯಿಪಾಠ ಆಗಬೇಕು. ಸಭೆಯ ಎದುರು ನಿಂತು ಉತ್ತರ ಕೊಡಬೇಕು. ಆಮೇಲೆ ದೃಢೀಕರಣ, ಆಮೇಲೆ ರಾತ್ರಿಭೋಜನ, ನೀವು ಪರಮಪ್ರಸಾದ ಅನ್ನುವುದು. ತನ್ನನ್ನು ತಾನು ಪರೀಕ್ಷಿಸಿಕೊಂಡು ಈ ರೊಟ್ಟಿ ತಿನ್ನಲಿ ಅಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿದೆ. ಮೂರನೇ ಕ್ಲಾಸಿನ ಮಗು ಏನು ಪರೀಕ್ಷಿಸಿಕೊಳ್ತದೆ?

ನನ್ನ ನೋವು ಬೇರೆ. ನಮ್ಮ ಸಭೆಯಲ್ಲಿ ದ್ರಾಕ್ಷಾರಸಕ್ಕೆ ಎಲ್ಲರಿಗೂ ಒಂದೇ ಬೆಳ್ಳಿ ಪಾತ್ರೆ ಇತ್ತು. ನನ್ನ ಅಜ್ಜ ಕುಡಿದದ್ದು ಅದರಲ್ಲಿ, ಕೂಲಿ ಮಾಡುವವರು ಕುಡಿದದ್ದೂ ಅದರಲ್ಲೇ. ಕೊರೊನಾ ಬಂತು, ಪಾತ್ರೆ ನಿಂತಿತು. ಅದು ಸರಿ. ಕೊರೊನಾ ಹೋದ ಮೇಲೂ ಪಾತ್ರೆ ಕಪಾಟಿನಿಂದ ಹೊರಗೆ ಬರಲಿಲ್ಲ. ಸಮಿತಿಯವರು ಲೋಟ ಇಡುವ 40 ತೂತಿನ ಟ್ರೇ ತರಿಸಿದರು, ಒಂದಕ್ಕೆ 3,400. ಗಾಜಿನ ಪುಟ್ಟ ಲೋಟಗಳು ಬೇರೆ, ಒಂದಕ್ಕೆ 28 ರೂಪಾಯಿ. ತೊಳೆಯುವಾಗ ಒಡೆಯುತ್ತವೆ ಅಂತ ಈಗ ಪ್ಲಾಸ್ಟಿಕ್. ಆರಾಧನೆ ಮುಗಿದ ಮೇಲೆ ಆ ಪ್ಲಾಸ್ಟಿಕ್ ಎಲ್ಲಿಗೆ ಹೋಗ್ತದೆ ಅಂತ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಸಮಿತಿಗೆ ರಾಜೀನಾಮೆ ಕೊಟ್ಟು ಬಂದೆ.

ಉಪ್ಪಳದ ನರ್ಸ್:
ಮೇಷ್ಟ್ರೇ, ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯುವುದನ್ನು ನಾನಂತೂ ಒಪ್ಪುವುದಿಲ್ಲ. ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು.

ನನ್ನ ಮಗನಿಗೆ ಸೀಲಿಯಾಕ್. ಗೋಧಿ ತಿಂದರೆ ಕರುಳು ಕೆಡುವ ಕಾಯಿಲೆ. ಒಸ್ತಿ ಅಂದರೆ ಗೋಧಿ, ಬೇರೆ ಹಿಟ್ಟು ನಡೆಯುವುದಿಲ್ಲ. ಅಕ್ಕಿಯದ್ದು ಮಾಡಿಸಿದರೆ ಆಗದಾ ಅಂತ ಅತ್ತೆ ಕೇಳಿದರು. ಆಗುವುದಿಲ್ಲ. ಗ್ಲೂಟೆನ್ (ಗೋಧಿಯ ಅಂಟು) ಪೂರ್ತಿ ತೆಗೆದದ್ದು ಸಲ್ಲುವುದಿಲ್ಲ, ಬಹಳ ಕಡಿಮೆ ಇರುವುದು ಸಲ್ಲುತ್ತದೆ ಅಂತ ವ್ಯಾಟಿಕನ್ 2017ರಲ್ಲಿ ಮತ್ತೊಮ್ಮೆ ಬರೆದು ತಿಳಿಸಿದೆ. ಆ ಕಡಿಮೆ ಗ್ಲೂಟೆನ್‌ನದ್ದು ನಮ್ಮ ಕಡೆ ಸಿಗಲಿಲ್ಲ. ಐರ್ಲೆಂಡಿನಲ್ಲಿರುವ ತಂಗಿ ಒಂದು ಪೆಟ್ಟಿಗೆ ಕಳಿಸಿದಳು, ಕೊರಿಯರ್ ಸೇರಿ 5,100 ಆಯಿತು. ಅರ್ಧದಷ್ಟು ಪುಡಿಯಾಗಿ ಬಂತು. ಮಳೆಗಾಲದಲ್ಲಿ ಉಳಿದದ್ದಕ್ಕೆ ಬೂಷ್ಟು ಹಿಡಿಯಿತು.

ಹಾಗಾದರೆ ದ್ರಾಕ್ಷಾರಸ ಮಾತ್ರ ಕೊಡಿ ಅಂತ ಕೇಳಿದೆ. ಕೊಡಬಹುದು. ಆದರೆ ಪಾದ್ರಿಯವರು ಒಸ್ತಿಯ ಒಂದು ಚೂರನ್ನು ಪಾತ್ರೆಗೆ ಹಾಕುತ್ತಾರಲ್ವಾ, ಆ ಚೂರು ಬಿದ್ದ ರಸವೂ ಇವನಿಗೆ ಆಗುವುದಿಲ್ಲ. ಪ್ರತ್ಯೇಕ ಪಾತ್ರೆ ಬೇಕು. ಇದನ್ನು ಇಗರ್ಜಿಯ ಮುಖ್ಯ ಪಾದ್ರಿ, ಹಳೆಯ ವಿಗಾರ್‌ಗೆ ಅರ್ಥ ಮಾಡಿಸುವಾಗ ಸಾಕುಸಾಕಾಯಿತು. 'ದೇವರ ಶರೀರದಿಂದ ಹೊಟ್ಟೆನೋವು ಬರ್ತದಾ' ಅಂದುಬಿಟ್ಟರು. ಮಗ ಪಕ್ಕದಲ್ಲೇ ನಿಂತಿದ್ದ. ಹೊಸಬರು ಬಂದ ಮೇಲೆ ಸಣ್ಣ ಪಾತ್ರೆ ಬೇರೆ ಇಟ್ಟು, ಬದಿಯಲ್ಲಿ ನಿಲ್ಲಿಸಿ, ಅವನಿಗೇ ಮೊದಲು ಕೊಡ್ತಾರೆ.

ಬದಿಯಡ್ಕದ ವಿಶ್ವಾಸಿ:
ಎಲ್ಲ ಓದಿದೆ. ಫ್ರಾಕು, ಟ್ರೇ, ಐರ್ಲೆಂಡ್ ಪೆಟ್ಟಿಗೆ. ಕರ್ತನು ಕೇಳಿದ್ದು ರೊಟ್ಟಿ ಮತ್ತು ದ್ರಾಕ್ಷಾರಸ ಮಾತ್ರ. ನಾವು ಪ್ರತಿ ಭಾನುವಾರ ರೊಟ್ಟಿ ಮುರಿಯುತ್ತೇವೆ. ಪಾದ್ರಿ ಇಲ್ಲ, ಪಾದ್ರಿಯ ನಿಲುವಂಗಿ ಇಲ್ಲ. ಒಬ್ಬ ಸಹೋದರ ಎದ್ದು ಸ್ತೋತ್ರ ಹೇಳುತ್ತಾನೆ, ರೊಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ಮುಳುಗಿ ದೀಕ್ಷಾಸ್ನಾನ ತಗೊಂಡವರಿಗೆ ಮಾತ್ರ.

ಮನೆಯವರ ಸಭೆ ಬಿಟ್ಟು ಇಲ್ಲಿಗೆ ಸೇರಿದ ತೀರ್ಮಾನಕ್ಕೆ ನಾನು ಕೊಟ್ಟ ಬೆಲೆ ನನಗೆ ಗೊತ್ತು. ಅಪ್ಪ ತೀರಿಕೊಂಡಾಗ ಕುಟುಂಬದ ಸಮಾಧಿ ಜಾಗದಲ್ಲಿ ನಿನಗೆ ಮುಂದೆ ಪಾಲಿಲ್ಲ ಅಂತ ಅಣ್ಣಂದಿರು ಶವಪೆಟ್ಟಿಗೆಯ ಎದುರೇ ಹೇಳಿದರು. ತೋಟದ ಪಾಲಿನಲ್ಲೂ ಬಾವಿ ಇಲ್ಲದ ಮೂಲೆ ಸಿಕ್ಕಿತು. ಬೋರ್‌ವೆಲ್‌ಗೆ 1,80,000 ಹೋಯಿತು, ನೀರು ಬರಲಿಲ್ಲ. ಆದರೂ ಹಿಂದೆ ಹೋಗಲಿಲ್ಲ.

ಬೇಳ ಕಡೆಯ ತಾಯಿ:
ಅಣ್ಣಾ, ನನ್ನ ಮಗಳ ಫ್ರಾಕಿಗೆ ನೀವು ದುಡ್ಡು ಕೊಡಲಿಲ್ಲ. ಮದುವೆಗೆ ಹೊಸ ಸೀರೆ ಉಡುವುದಿಲ್ವಾ? ದೇವರನ್ನು ಮೊದಲ ಸಲ ಸ್ವೀಕರಿಸುವ ಮಗುವಿಗೆ ಬಿಳಿ ಬಟ್ಟೆ ಹಾಕಿದರೆ ನಿಮಗೇನು ಕಷ್ಟ?

ಕುಂಜತ್ತೂರಿನ ಮಗ:
2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಸಭೆ ಮಂಗಳೂರಿನಲ್ಲಿ, ಅಮ್ಮನ ಡಾಕ್ಟರೂ ಅಲ್ಲೇ. ಅಮ್ಮನಿಗೆ ಕ್ಯಾನ್ಸರ್ ಕೊನೆಯ ಹಂತ. ಆಂಬುಲೆನ್ಸ್‌ಗೆ 4,500 ಕೊಟ್ಟೆ, ಗಡಿಯಿಂದ ವಾಪಸ್ ಬಂತು. ಆಮೇಲೆ ಕಣ್ಣೂರಿಗೆ 9,000. ಅಲ್ಲಿಯವರು ಮನೆಯಲ್ಲೇ ನೋಡಿಕೊಳ್ಳಿ ಅಂತ ಕಳಿಸಿದರು.

ಅಮ್ಮ ಕೇಳಿದ್ದು ರಾತ್ರಿಭೋಜನ ಒಂದೇ. ನಮ್ಮ ಸಭೆಯ ಪಾದ್ರಿ ಅಯ್ಯನವರು ಬರುವ ಹಾಗಿಲ್ಲ. ಬೇಕರಿ ಮುಚ್ಚಿತ್ತು, ಹೆಂಡತಿ ಎಣ್ಣೆ ಹಾಕದೆ ಒಂದು ಚಪಾತಿ ಸುಟ್ಟಳು. ಒಣದ್ರಾಕ್ಷಿ ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಹಿಂಡಿದೆವು. ಅಯ್ಯನವರು ಫೋನಿನಲ್ಲಿ ಪ್ರಾರ್ಥನೆ ಹೇಳಿದರು, ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. ಅಮ್ಮನಿಗೆ ನುಂಗಲು ಆಗುತ್ತಿರಲಿಲ್ಲ. ಚಮಚದ ಬೆನ್ನಿನಿಂದ ತುಟಿ ಒದ್ದೆ ಮಾಡಿದೆ. ನಾಲಿಗೆ ಹೊರಗೆ ತಂದು ಸವರಿಕೊಂಡರು. ಎರಡು ದಿನಕ್ಕೆ ಹೋದರು.

ಮಂಜೇಶ್ವರದ ಅಣ್ಣಾ, ಜೊತೆಗೆ ತಗೊಳ್ಳುವ ಮನಸ್ಸಿದ್ದರೆ ಯಾರನ್ನೂ ಕೇಳಬೇಡಿ, ಹೋಗಿ ತಗೊಳ್ಳಿ.

ಕಾಸರಗೋಡಿನ ನಿವೃತ್ತ ಮೇಷ್ಟ್ರು:
ತಾಯಿಯವರ ವಿಷಯ ಓದಿ ಬೇಸರವಾಯಿತು. ಆದರೆ ತತ್ವ ತತ್ವವೇ. ಸಂಸ್ಕಾರ ಅಂದರೆ ಸಭೆ ಒಟ್ಟು ಸೇರುವುದು. ಫೋನಿನಲ್ಲಿ ಆದದ್ದು ಪ್ರಾರ್ಥನೆ, ರಾತ್ರಿಭೋಜನ ಅಲ್ಲ.

ಬದಿಯಡ್ಕದ ವಿಶ್ವಾಸಿ:
ನೋಡಿ, ಇದೇ ನಾನು ಹೇಳುವುದು. ಆ ತಾಯಿಗೆ ಪಾದ್ರಿ ಬೇಕಾಗಿರಲೇ ಇಲ್ಲ. ಮಗನೇ ರೊಟ್ಟಿ ಮುರಿದು ಕೊಟ್ಟಿದ್ದರೆ ಸಾಕಿತ್ತು.

ಕುಂಜತ್ತೂರಿನ ಮಗ:
ಇಬ್ಬರೂ ನಿಲ್ಲಿಸಿ. ನನ್ನ ಅಮ್ಮನನ್ನು ನಿಮ್ಮ ವಾದಕ್ಕೆ ಸಾಕ್ಷಿಗೆ ನಿಲ್ಲಿಸಬೇಡಿ. ಅಮ್ಮನಿಗೆ ಅಯ್ಯನವರ ಸ್ವರ ಬೇಕಿತ್ತು, ಅದು ಸಿಕ್ಕಿತು. ಮೇಷ್ಟ್ರೇ, ಬೆಳ್ಳಿ ಪಾತ್ರೆ ಸಿಗಲಿಲ್ಲ ಅಂತ ಸಮಿತಿ ಬಿಟ್ಟವರು ನೀವು. ನನ್ನ ಅಮ್ಮ ಸ್ಟೀಲ್ ಚಮಚದಿಂದ ತಗೊಂಡರು.

ಪಾಣತ್ತೂರಿನ ಸೊಸೆ:
ನನ್ನ ತವರು ಮಡಿಕೇರಿ ಕಡೆ. ಗಂಡನ ಮನೆಯವರು ತಿರುವಿತಾಂಕೂರಿನಿಂದ ಬಂದ ಆರ್ಥೊಡಾಕ್ಸ್‌ನವರು. ಅವರಲ್ಲಿ ಜ್ಞಾನಸ್ನಾನ, ತೈಲ ಹಚ್ಚುವುದು, ಕುರ್ಬಾನ (ಪರಮಪ್ರಸಾದ) ಎಲ್ಲ ಒಂದೇ ದಿನ. ನನ್ನ ಮಗು ಇನ್ನೂ ಮೊಲೆಹಾಲು ಕುಡಿಯುತ್ತಿತ್ತು, ಆಗಲೇ ಕೊಟ್ಟರು. ಅವರ ರೊಟ್ಟಿ ಹುಳಿ ಬಂದ ಹಿಟ್ಟಿನದ್ದು. ನಾನು ಕಥೋಲಿಕ್ ಆಗಿದ್ದವಳು, ಮದುವೆಗೆ ಮೊದಲೇ ಅವರ ಸಭೆಗೆ ಸೇರಬೇಕಾಯಿತು. ಅಮ್ಮ ಮದುವೆಗೆ ಬರಲಿಲ್ಲ. ಏಳು ವರ್ಷಕ್ಕೋ ದೃಢೀಕರಣದ ಮೇಲೋ ಅಂತ ನೀವೆಲ್ಲ ಜಗಳ ಮಾಡುವಾಗ ನನಗೆ ಅದೇ ನೆನಪಾಗ್ತದೆ.

ಕಾಸರಗೋಡಿನ ನಿವೃತ್ತ ಮೇಷ್ಟ್ರು:
ಕುಂಜತ್ತೂರಿನವರಿಗೆ ನಾನು ನೋವು ಮಾಡಲು ಬರೆದದ್ದಲ್ಲ. ಬದಿಯಡ್ಕದವರಿಗೆ ಮಾತ್ರ ಹೇಳ್ತೇನೆ. ಈ ರೊಟ್ಟಿಯ ಅರ್ಥಕ್ಕಾಗಿಯೇ 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಸಭಾ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಒಪ್ಪದೆ ಎದ್ದು ಹೋದರು. ಬಾಸೆಲ್ ಮಿಶನ್‌ನಲ್ಲಿ ಆ ಎರಡೂ ಕಡೆಯವರಿದ್ದರು. 1834ರಲ್ಲಿ ಮಂಗಳೂರಿಗೆ ಬಂದು ಕೆಲಸ ಶುರು ಮಾಡಿದ್ದು ಅಂಥ ಮಿಶನ್. 1947ರಲ್ಲಿ ಸಿ.ಎಸ್.ಐ. ಆದಾಗ ಆಂಗ್ಲಿಕನ್, ಮೆಥೊಡಿಸ್ಟ್ ಎಲ್ಲ ರಾತ್ರಿಭೋಜನದ ಒಂದೇ ಮೇಜಿಗೆ ಬಂದರು. ಅಷ್ಟು ಕಷ್ಟಪಟ್ಟು ಸೇರಿಸಿದ ಮೇಜು ಅದು. ಯಾರೋ ಎದ್ದು ಮುರಿದರೆ ಸಾಕು ಅನ್ನುವುದು ಅಷ್ಟು ಸುಲಭ ಅಲ್ಲ.

ಬದಿಯಡ್ಕದ ವಿಶ್ವಾಸಿ:
ಮೇಷ್ಟ್ರೇ, ನಿಮ್ಮ ಆ ಮೇಜಿನಲ್ಲಿ ಈಗ ಇರುವುದು ಬಾಟಲಿ ಜ್ಯೂಸ್.

ಕಾಸರಗೋಡಿನ ನಿವೃತ್ತ ಮೇಷ್ಟ್ರು:
ಜ್ಯೂಸ್ ಅಂದರೆ ಹೀಗಳೆಯಬೇಡಿ. ಹುಳಿ ಬರದ ದ್ರಾಕ್ಷಿ ರಸವನ್ನು ಮೇಜಿಗಾಗಿಯೇ 1869ರಲ್ಲಿ ಅಮೆರಿಕದಲ್ಲಿ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯ ತಯಾರಿಸಿದ. ನಮ್ಮ ಸಭೆಯಲ್ಲಿ ಕುಡಿತ ಬಿಟ್ಟವರು ಇದ್ದಾರೆ. ಅವರ ತುಟಿಗೆ ವೈನ್ ಹಿಡಿಯುವುದಾ?

ಮಂಜೇಶ್ವರದ ಅಪ್ಪ:
ಎಲ್ಲರಿಗೂ ವಂದನೆ. ಕುಂಜತ್ತೂರಿನವರೇ, ಕೇಳದೆ ಹೋಗಿ ತಗೊಳ್ಳಲು ನನ್ನಿಂದ ಆಗುವುದಿಲ್ಲ, ಹೆಂಡತಿ ಆ ಊರಿನಲ್ಲಿ ಬಾಳಬೇಕು. ವಿಗಾರ್ ಹತ್ತಿರ ಮಾತಾಡಿದೆ. ಮರಣಾಪಾಯ ಇದ್ದರೆ, ಇಲ್ಲವೇ ಬಿಷಪರು ಒಪ್ಪಿದ ಅಂಥ ಬೇರೆ ಗಂಭೀರ ಅಗತ್ಯ ಇದ್ದರೆ ಮಾತ್ರ ಬೇರೆ ಸಭೆಯವರಿಗೆ ಕೊಡಬಹುದು ಅಂದರು. ಮಗಳ ಹಿಂದೆ ಸಾಲಿನಲ್ಲಿ ಬನ್ನಿ, ಎದೆಯ ಮೇಲೆ ಕೈ ಅಡ್ಡ ಇಡಿ, ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ ಮಾಡ್ತೇನೆ ಅಂತಲೂ ಹೇಳಿದರು. ಅಮ್ಮ ಇನ್ನೂ ಒಪ್ಪಿಲ್ಲ. ಮಗಳಿಗೆ ಇವತ್ತು ರಾತ್ರಿ ಹೇಳಬೇಕು. ನಾನು ಹಾಗೆ ನಿಂತದ್ದನ್ನು ಅವಳು ಏನಂತ ತಿಳಿದುಕೊಳ್ತಾಳೋ. ಹೀಗೆ ಮಾಡಿದ ಅಪ್ಪಂದಿರು ಯಾರಾದರೂ ಇದ್ದರೆ ಬರೆಯಿರಿ.

ಉಪ್ಪಳದ ನರ್ಸ್:
ಕೊಡುವವರಿಗೆ ಮೊದಲೇ ಹೇಳಿಡಿ. ನಿಮ್ಮ ಸಾಲಿನಲ್ಲಿ ವಿಗಾರ್ ಬದಲು ಬೇರೆಯವರು ನಿಂತಿದ್ದರೆ ಅಭ್ಯಾಸದಲ್ಲಿ ಒಸ್ತಿಯನ್ನು ಬಾಯಿಯ ಹತ್ತಿರ ತಂದುಬಿಡ್ತಾರೆ. ಆಗ ಎಲ್ಲರ ಎದುರು ಬೇಡ ಅನ್ನಬೇಕಾಗ್ತದೆ, ಅದೂ ಮಗಳ ಪಕ್ಕದಲ್ಲಿ. ಯಾವ ಸಾಲು, ಯಾರು ಕೊಡುವುದು ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.