ಪದಚರ್ಚೆ: ರೈಫಲ್‌ನ ‘ಕ್ಯಾಲಿಬರ್’ಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಅಮೆರಿಕದ ಬೇಟೆಗಾರರೊಬ್ಬರ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಿಂಕೆಯಿಂದ ಹಿಡಿದು ಎಲ್ಕ್, ಮೂಸ್ ಅನ್ನುವ ಅಲ್ಲಿನ ಭಾರೀ ಜಿಂಕೆ ಜಾತಿಗಳವರೆಗೆ ಎಲ್ಲಕ್ಕೂ ಆಗುವ ಒಂದೇ ರೈಫಲ್ ಇಟ್ಟುಕೊಳ್ಳುವುದಾದರೆ ಯಾವ ಕ್ಯಾಲಿಬರ್ ಒಳ್ಳೆಯದು ಅನ್ನುವುದು ಅದರ ವಿಷಯ. ಈ ‘ಕ್ಯಾಲಿಬರ್’ ಹತ್ತಿರವೇ ಕೆಲಸ ನಿಂತಿದೆ.

ನಿಘಂಟಿನಲ್ಲಿ ಎರಡು ಅರ್ಥ ಸಿಗುತ್ತವೆ. ಒಂದು ಯೋಗ್ಯತೆ, ಸಾಮರ್ಥ್ಯ. ಇಲ್ಲಿ ಬೆಂಗಳೂರಿನ ಆಫೀಸುಗಳಲ್ಲಿ ‘ಆ ಹುಡುಗನಿಗೆ ಒಳ್ಳೆ ಕ್ಯಾಲಿಬರ್ ಇದೆ’ ಅನ್ನುತ್ತಾರಲ್ಲ, ಅದು. ಅದನ್ನು ಬಿಡೋಣ. ಇನ್ನೊಂದು ನಳಿಗೆಯ ಒಳವ್ಯಾಸ. ನಾನೂ ಮೊದಲು ಹಾಗೇ ಬರೆದೆ. ನಾಲ್ಕು ಪುಟ ಆಗುವಷ್ಟರಲ್ಲಿ ಅರ್ಥವೇ ಕೆಟ್ಟುಹೋಯಿತು.

ಯಾಕೆ ಅಂದರೆ, ಅವರು ಹೋಲಿಸಿ ನೋಡುವುದು .308 ವಿಂಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್ ಮತ್ತು .300 ವಿಂಚೆಸ್ಟರ್ ಮ್ಯಾಗ್ನಮ್ ಅನ್ನುವ ಮೂರು ಕಾರ್ಟ್ರಿಜ್‌ಗಳನ್ನು. ಕಾರ್ಟ್ರಿಜ್ ಅಂದರೆ ಗುಂಡು, ಮದ್ದು ಎರಡೂ ಒಂದೇ ಹಿತ್ತಾಳೆ ಕವಚದಲ್ಲಿ ಕೂತಿರುವುದು. ಈ ಮೂರರಲ್ಲೂ ಗುಂಡಿನ ಅಡ್ಡಳತೆ ಒಂದೇ, 0.308 ಇಂಚು. ಬೇರೆಯಾಗುವುದು ಹಿತ್ತಾಳೆಯ ಕವಚ. ಮೊದಲನೆಯದರ ಉದ್ದ ಸುಮಾರು 51 ಮಿಲಿಮೀಟರ್, ಎರಡನೆಯದು 63. ಮೂರನೆಯದು ಹತ್ತಿರ ಹತ್ತಿರ 67, ಮೈಯೂ ದಪ್ಪ. ಕವಚ ದೊಡ್ಡದಾದರೆ ಮದ್ದು ಜಾಸ್ತಿ ಹಿಡಿಯುತ್ತದೆ. ಗುಂಡು ಇನ್ನೂ ಜೋರಾಗಿ ಹೋಗುತ್ತದೆ, ಹೆಗಲಿಗೆ ಒದೆತವೂ ಜಾಸ್ತಿ. ಬೇಟೆಗಾರ ತೂಗಿ ನೋಡುವುದು ಇದನ್ನೇ ಅಲ್ವಾ? ‘ಯಾವ ಒಳವ್ಯಾಸ ಒಳ್ಳೆಯದು’ ಅಂತ ಬರೆದರೆ ಮೂರಕ್ಕೂ ಒಂದೇ ಉತ್ತರ ಬರುತ್ತದೆ.

ಹೆಸರಿನಲ್ಲಿರುವ ಅಂಕಿಗಳನ್ನೂ ಅಳತೆ ಅಂತ ನಂಬುವ ಹಾಗಿಲ್ಲ. .30-06ರಲ್ಲಿ 06 ಅಂದರೆ 1906, ಅಮೆರಿಕದ ಸೇನೆ ಅದನ್ನು ತೆಗೆದುಕೊಂಡ ವರ್ಷ. .30-30 ಅನ್ನುವ ಇನ್ನೊಂದು ಕಾರ್ಟ್ರಿಜ್‌ನಲ್ಲಿ ಎರಡನೇ 30 ಮದ್ದಿನ ತೂಕ, ಗ್ರೇನ್ ಅನ್ನುವ ಸಣ್ಣ ತೂಕದ ಲೆಕ್ಕದಲ್ಲಿ. .270ರ ಗುಂಡು ನಿಜಕ್ಕೂ 0.277 ಇಂಚು.

ಹಾಗಾದರೆ ‘ಬೋರ್’ ಅನ್ನೋಣವೇ? ನಗರದ ಒಂದು ಕೋವಿ ಅಂಗಡಿಯಲ್ಲಿ ಕೇಳಿದೆ. ಅಲ್ಲಿ ಎಲ್ಲಕ್ಕೂ ಬೋರ್ ಅಂತಲೇ ಹೇಳುತ್ತಾರೆ: 12 ಬೋರ್, .315 ಬೋರ್. ಆದರೆ ಈ ಎರಡರ ಲೆಕ್ಕ ಬೇರೆ ಬೇರೆ. .315 ಅನ್ನುವುದು ಇಂಚಿನ ಲೆಕ್ಕ. 12 ಬೋರ್ ಅಂದರೆ ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ. ಅದಕ್ಕೇ 20 ಬೋರ್ 12ಕ್ಕಿಂತ ಸಣ್ಣದು. ಮಾತಿನಲ್ಲಿ ನಡೆಯುತ್ತದೆ, ಬರಹದಲ್ಲಿ ಓದುಗರು ತಬ್ಬಿಬ್ಬಾಗುತ್ತಾರೆ.

ನಮ್ಮಜ್ಜ ತೀರ್ಥಹಳ್ಳಿ ಕಡೆಯವರು. ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವುದು), ತೋಟೆ ಕೋವಿ (ಕಾರ್ಟ್ರಿಜ್ ಹಾಕುವುದು), ಜೋಡುನಳಿಗೆ, ಚರೆ (ಸಣ್ಣ ಸೀಸದ ಗುಂಡುಗಳು), ಈಡು (ಒಂದು ಸಲ ಹಾರಿಸಲು ತುಂಬುವ ಮದ್ದು-ಗುಂಡು), ಇವೆಲ್ಲ ಅವರ ಬಾಯಲ್ಲಿ ಕೇಳಿದ ಮಾತುಗಳು. ಈಗ ಯೋಚಿಸಿದರೆ, ಅವರು ಕೋವಿಗಳನ್ನು ಬೇರೆ ಮಾಡುತ್ತಿದ್ದದ್ದು ಈಡು ತುಂಬುವ ರೀತಿಯಿಂದ, ನಳಿಗೆ ಎಷ್ಟು ಅನ್ನುವುದರಿಂದ; ನಳಿಗೆಯ ಅಳತೆಯಿಂದ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಗೆ ಕಡಿವಾಣ ಬಿತ್ತು, ಅದು ಒಳ್ಳೆಯದೇ ಆಯಿತು. ಆದರೆ ಈ ಮಾತುಗಳು ಕಳೆದುಹೋಗುವುದು ನನಗೆ ಇಷ್ಟವಿಲ್ಲ.

ನನ್ನ ಸಲಹೆ ಇದು. ಅಳತೆಯ ಮಾತು ಬಂದಲ್ಲಿ ‘ನಳಿಗೆಯಳತೆ’, ಆಯ್ಕೆಯ ಮಾತು ಬಂದಲ್ಲಿ ‘ತೋಟೆ’, ಅಂದರೆ ಕಾರ್ಟ್ರಿಜ್. ‘ತೋಟಾ’ ಅಂತ ಬರೆಯುವವರೂ ಇದ್ದಾರೆ. ಆದರೆ ‘ತೋಟಾದ ಉದ್ದ’ ಅಂತ ಬರೆದಾಗ ಒಂದು ದೀರ್ಘ ತಪ್ಪಿದರೂ ಅಡಿಕೆ ತೋಟದ ಉದ್ದವಾಗುತ್ತದೆ. ‘ತೋಟೆಯ ಉದ್ದ’ಕ್ಕೆ ಆ ತೊಂದರೆ ಇಲ್ಲ.

ಇನ್ನು ಬೇಟೆಯ ದೊಡ್ಡ ಪ್ರಾಣಿಗಳಿಗೆ ‘ದೊಡ್ಡ ಬೇಟೆ’ ಅಂದರೆ ಬೇಟೆಯೇ ದೊಡ್ಡದು ಅನ್ನಿಸುತ್ತದೆ. ‘ದೊಡ್ಡ ಮಿಕ’ ಅಂತ ಹಾಕಿದ್ದೇನೆ. ಮೋಸಹೋಗುವವನಿಗೂ ಮಿಕ ಅನ್ನುತ್ತೇವೆ, ಅದೊಂದೇ ಅಳುಕು.

ಕೊಡಗು, ಮಲೆನಾಡು, ಕರಾವಳಿಯವರು ದಯವಿಟ್ಟು ಹೇಳಿ: ನಿಮ್ಮ ಹಿರಿಯರು ತೋಟೆ ಅನ್ನುತ್ತಿದ್ದರೋ, ತೋಟಾ ಅನ್ನುತ್ತಿದ್ದರೋ? ನಳಿಗೆಯ ಅಗಲಕ್ಕೆ ಬೇರೆ ಮಾತೇನಾದರೂ ಇತ್ತಾ? ಮತ್ತೆ ‘ದೊಡ್ಡ ಮಿಕಗಳಿಗೆಲ್ಲ ಆಗುವ ತೋಟೆ ಯಾವುದು?’ ಅನ್ನುವ ತಲೆಬರಹ ಓದಿದ ಕೂಡಲೇ ಅರ್ಥ ಆಗುತ್ತಾ?